ಕೈಗವಸಿನ ರಾಕ್ಷಸ

ಧಾರಾವಾಹಿ ಕಡೀ ಕಂತು ಇದ್ದ ದಿನ ನಮ್ಮ ಓಣ್ಯಾಗ ಅಡಿಗಿ ಎಷ್ಟು ಲಗೂ ಮುಗೀತದ ಅಂತ ನಿಮಗ ನಾ ಹೇಳಬೇಕಾಗಿಲ್ಲ. ಏಳಕ್ಕ ಪಲ್ಯ ಇಳಿಸಿ, ಭಕ್ರಿ ಬುಟ್ಟ್ಯಾಗ ಮುಚ್ಚಿಟ್ಟು, ಯಾರದರ ಫೋನ್ ಬಂದ್ರ "ಆಮ್ಯಾಲೆ ಮಾತಾಡೋಣ್ರೀ ವೈನಿ" ಅಂದು ಟಿವಿ ಮುಂದ ಕೂತುಬಿಡ್ತೀವಿ. ಒಂದು ವ್ಯಾಳ್ಯಾ ತಪ್ಪಿದ್ರೂ ಚಿಂತಿಲ್ಲ, ಮರುದಿನ ಮೊಬೈಲ್‌ನ್ಯಾಗ ಸಿಗ್ತದ.

ನಾ ಇವತ್ತ ಹೇಳಲಿಕ್ಕೆ ಕೂತಿದ್ದು, ತಪ್ಪಿದ್ರ ತಪ್ಪೇ ಹೋತು ಅನ್ನೂ ಕಾಲದ ಒಂದು ಕಡೀ ಕಂತಿನ ಇತಿಹಾಸ. 1953ರ ಆಗಸ್ಟ್ 22, ಶನಿವಾರ ರಾತ್ರಿ, ಇಂಗ್ಲೆಂಡು. ಬಿಬಿಸಿ ಧಾರಾವಾಹಿ, ಹೆಸರು 'ದಿ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್'. ಬ್ಯಾರೆ ಲೋಕದ ಜೀವವೊಂದು ಭೂಮಿಗೆ ಬಂದು ಮನಶ್ಯಾರನ್ನ ತನ್ನೊಳಗ ಎಳಕೊಳ್ಳೂ ಕಥಿ. ಆರೇ ಆರು ಕಂತು. ಕಡೀ ಕಂತನ್ನ ಸುಮಾರು 50 ಲಕ್ಷ ಜನ ನೋಡಿದ್ರು. ಇವತ್ತ ಆ ಕಂತು ಎಲ್ಲೂ ಇಲ್ಲ. ಯಾವ ಕಪಾಟು ತಗದ್ರೂ ಸಿಗೂದಿಲ್ಲ.

ಆವಾಗಿನ ಇಂಗ್ಲೆಂಡ್ ಅಂದ್ರ ಈಗ ನಾವು ಸಿನಿಮಾದಾಗ ನೋಡೂ ಝಗಝಗ ಇಂಗ್ಲೆಂಡ್ ಅಲ್ರೀ. ಯುದ್ಧ ಮುಗದು ಎಂಟು ವರ್ಷ ಆಗಿತ್ತು, ಸಕ್ಕರಿ ಇನ್ನೂ ರೇಷನ್ ಮ್ಯಾಲೇ ಇತ್ತು. ಸಕ್ಕರಿ ರೇಷನ್ ತಗದಿದ್ದು ಈ ಧಾರಾವಾಹಿ ಮುಗದ ಮುಂದಿನ ತಿಂಗಳು, ಸೆಪ್ಟೆಂಬರ್‌ದಾಗ. ಮಾಂಸದ ರೇಷನ್ ಹೋಗಲಿಕ್ಕೆ ಮತ್ತೊಂದು ವರ್ಷ ಬೇಕಾತು. ಚಹಾಕ್ಕ ಸಕ್ಕರಿ ಅಳದು ಹಾಕೂ ಹೆಣ್ಣಮಕ್ಕಳು ಈ ಧಾರಾವಾಹಿ ನೋಡಿದವ್ರು. ಟಿವಿನೂ ಎಲ್ಲಾರ ಮನ್ಯಾಗ ಇರ್ಲಿಲ್ಲ. ಆ ವರ್ಷ ಜೂನ್ 2ಕ್ಕ ಎಲಿಜಬೆತ್ ರಾಣಿಗೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಅನ್ನೂ ದೊಡ್ಡ ಚರ್ಚಿನ್ಯಾಗ ಪಟ್ಟಾಭಿಷೇಕ ಆತಲ್ಲ, ಅದನ್ನ ನೋಡಲಿಕ್ಕಂತನ ಭಾಳ ಮಂದಿ ಟಿವಿ ತಗೊಂಡ್ರು. ಉಳಿದವ್ರು ಬಾಜೂ ಮನ್ಯಾಗ ಹೋಗಿ ಕೂತ್ರು, ನಮ್ಮಲ್ಲೆ ರಾಮಾಯಣಕ್ಕ ಕೂತಂಗ. ಚಾನೆಲ್ಲೂ ಒಂದೇ. ಈ ಪಟ್ಟಾಭಿಷೇಕದ ಮಾತು ನೆನಪಿಡ್ರಿ, ಮುಂದ ಬೇಕಾಗ್ತದ.

ಕಥಿ ಬರದಂವ ನೈಜೆಲ್ ನೀಲ್ ಅಂತ, ಬಿಬಿಸಿಯೊಳಗ ಸಂಬಳಕ್ಕಿದ್ದ ಬರಹಗಾರ, ಮೂವತ್ತೊಂದು ವರ್ಷದ ಹುಡುಗ. ಬ್ಯಾಸಗಿಯೊಳಗ ಶನಿವಾರದ ಹೊತ್ತು ಖಾಲಿ ಬಿದ್ದಿತ್ತು, ತುಂಬಸಲಿಕ್ಕೆ ಏನರ ಬೇಕಾಗಿತ್ತು. 'ಕ್ವಾಟರ್‌ಮಾಸ್' ಅನ್ನೂ ವಿಚಿತ್ರ ಅಡ್ಡಹೆಸರನ್ನ ಲಂಡನ್ನಿನ ಟೆಲಿಫೋನ್ ಡೈರೆಕ್ಟರಿ ತಿರುವಿ ಹುಡುಕಿದ್ನಂತ. ಮೊದಲ ಕಂತು ಟಿವಿಯೊಳಗ ಹೋಗೂ ಹೊತ್ತಿಗೆ ಕಡೀ ಕಂತುಗಳು ಇನ್ನೂ ಬರದು ಮುಗಿದಿರ್ಲಿಲ್ಲ. ಬೀಗರು ಅಂಗಳಕ್ಕ ಬಂದು ನಿಂತಾರ, ಒಳಗ ಹೂರಣ ಇನ್ನೂ ರುಬ್ಬಾಕತ್ತೀವಿ, ಹಂಗ.

ಕಥಿ ಹಿಂಗದ. ಕ್ವಾಟರ್‌ಮಾಸ್ ಅನ್ನೂ ವಿಜ್ಞಾನಿ ಮೂರು ಜನರನ್ನ ರಾಕೆಟ್‌ನ್ಯಾಗ ಕಳಸ್ತಾನ. ರಾಕೆಟ್ಟು ದಾರಿ ತಪ್ಪಿ, ತಿರುಗಿ ಬಂದು ಲಂಡನ್ನಿನ ವಿಂಬಲ್ಡನ್ ಕಡೆ ಒಂದು ಮನಿ ಮ್ಯಾಲೆ ಬೀಳ್ತದ. ಓಣಿ ಮಂದಿ ಹೊರಗ ಬರ್ತಾರ, ಪೊಲೀಸರು ಬರ್ತಾರ, ಒಬ್ಬ ಮುದುಕಿಗೆ ತನ್ನ ಬೆಕ್ಕಿನ ಚಿಂತಿ. ಇದನ್ನ ನೋಡಿ ಜನ ಯಾಕ ಗಾಬರಿ ಆದ್ರು ಅಂದ್ರ, ಅವ್ರು ಖರೇನ ಇದನ್ನ ನೋಡಿದವ್ರು. 1944-45ರಾಗ ಜರ್ಮನಿಯ ರಾಕೆಟ್ ಬಾಂಬುಗಳು ಇದೇ ಲಂಡನ್ನಿನ ಮನಿಗಳ ಮ್ಯಾಲೆ ಬಿದ್ದಿದ್ವು.

ಒಳಗ ಹೋದ ಮೂವರಾಗ ಹೊರಗ ಬಂದಂವ ಒಬ್ಬನ, ವಿಕ್ಟರ್ ಕ್ಯಾರೂನ್. ಉಳಿದಿಬ್ಬರ ಬರೇ ಪೋಷಾಕು ಸಿಗ್ತಾವ, ಒಳಗ ದೇಹ ಇಲ್ಲ. ಅಂತರಿಕ್ಷದಾಗ ಯಾವದೋ ಜೀವ ಮೂವರನ್ನೂ ಒಂದ ಮೈಯೊಳಗ ಸೇರಿಸಿಬಿಟ್ಟಿರ್ತದ. ಅವನ ಹೆಂಡ್ತಿ ಜುಡಿತ್, ಅಕೀನೂ ಅದೇ ಸಂಸ್ಥೆಯೊಳಗ ವಿಜ್ಞಾನಿ. ಗಂಡನ್ನ ಬಿಟ್ಟು ಇನ್ನೊಬ್ಬನ ಸಂಗಾಟ ಹೋಗೂ ವಿಚಾರದಾಗ ಇದ್ದಾಕಿ. ಹಿಂತ ಹೊತ್ನ್ಯಾಗ ಹೆಂಗ ಬಿಟ್ಟು ಹೋಗೂದು? ನನಗಂತೂ ರಾಕ್ಷಸನಕಿಂತ ಈಕಿ ಸಂಕಟನ ದೊಡ್ಡದನಿಸ್ತು. ಮುಂದ ವಿಕ್ಟರ್ ಒಂದು ಕಳ್ಳಿ ಗಿಡಕ್ಕ ಕೈ ಹಚ್ಚಿ, ಆ ಗಿಡಾನೂ ಅವನೊಳಗ ಸೇರಿ, ಕಂತಿಗೊಂದಿಷ್ಟು ಮನಶ್ಯಾತನ ಕಳಕೋತ ಹೋಗ್ತಾನ.

ಕಡೀ ಕಂತಿನ್ಯಾಗ ಆ ಜೀವ ಎಲ್ಲಿ ಸಿಗ್ತದ ಹೇಳ್ರಿ? ಅದೇ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯೊಳಗ. ಕಥಿಯೊಳಗ ಟಿವಿಯವ್ರು ಅಬ್ಬೆಯಿಂದ ಒಂದು ಕಾರ್ಯಕ್ರಮ ನೇರ ತೋರಿಸ್ತಿರ್ತಾರ, ಕ್ಯಾಮೆರಾ ಮ್ಯಾಲೆ ತಿರುಗಿಸಿದ್ರ ಗ್ವಾಡಿಗೆ ಬಳ್ಳಿ ಹಬ್ಬಿದಂಗ ಏನೋ ಕೂತದ. ಎರಡೂವರಿ ತಿಂಗಳ ಹಿಂದ ಅದೇ ಟಿವಿಯೊಳಗ, ಅದೇ ಚರ್ಚಿನ್ಯಾಗ ರಾಣಿ ಕಿರೀಟ ಇಟ್ಕೊಂಡಿದ್ದನ್ನ ಕಣ್ಣೀರು ಒರಸ್ಕೋತ ನೋಡಿದ ಜನ ಈಗ ಅಲ್ಲಿ ಇದನ್ನ ನೋಡಿದ್ರು. ನಮ್ಮ ಊರ ಗುಡಿಯ ಗರ್ಭಗುಡಿಯೊಳಗ ಹಿಂತಾದ್ದು ಕೂತದ ಅಂತ ತೋರಿಸಿದ್ರ ನಮಗ ಹೆಂಗಾಗ್ತಿತ್ತು, ವಿಚಾರ ಮಾಡ್ರಿ.

ಈಗ ಅಸಲಿ ಮಾತಿಗೆ ಬರ್ತೀನಿ. ಆ ರಾಕ್ಷಸನ್ನ ಮಾಡಿದವ್ರು ಯಾರು? ಬಿಬಿಸಿಯೊಳಗ ಆವಾಗ ಹಿಂತಾ ಕೆಲಸಕ್ಕಂತ ಒಂದು ವಿಭಾಗನ ಇರ್ಲಿಲ್ಲ, ಅದು ಸುರುವಾಗಿದ್ದು ಮರುವರ್ಷ. ರೊಕ್ಕಾನೂ ಕಡಿಮಿ, ಕ್ಯಾಮೆರಾ 1936ರ ಹಳೇವು. ನೀಲ್ ಮತ್ತು ಅವನ ಮುಂದಿನ ಹೆಂಡ್ತಿ, ಚಿತ್ರಕಲಾ ಕಲತ ಜುಡಿತ್ ಕೆರ್ ಅನ್ನಾಕಿ, ಇಬ್ಬರೂ ಕೂಡಿ ಒಂದು ಜೋಡಿ ಕೈಗವಸು ತಗೊಂಡು ಅದಕ್ಕ ಚರ್ಮದ ಚೂರು, ಗಿಡದ ಎಲಿ, ನಾರು ಎಲ್ಲಾ ಅಂಟಿಸಿದ್ರು. ಅಬ್ಬೆಯ ಒಳಗಿನ ಒಂದು ಫೋಟೋ ದೊಡ್ಡದು ಮಾಡಿಸಿ, ಅದನ್ನ ಕೊಯ್ದು ತೂತು ಮಾಡಿ, ಹಿಂದಿನಿಂದ ನೀಲ್ ತಾನ ಕೈಗವಸು ಹಾಕ್ಕೊಂಡು ಕೈ ತೂರಿಸಿ ಬೆರಳು ಹಂಗ ಹಿಂಗ ಆಡಿಸಿದ. ಇಷ್ಟ! ಇಡೀ ದೇಶನ ಹೆದರಿಸಿದ ರಾಕ್ಷಸ ಬರಹಗಾರನ ಎರಡು ಕೈ.

ಆಷಾಢದಾಗ ಮಂಗಳವಾರಕ್ಕೊಮ್ಮೆ ಕೂತು ಗುಳ್ಳವ್ವನ್ನ ಮಾಡಿದವರಿಗೆ ಇದೇನು ಹೊಸಾದಲ್ಲ. ಮಣ್ಣು ಕಲಸಿ, ಗುಲಗಂಜಿ ಹಚ್ಚಿ, ಅಷ್ಟರಾಗ ಅಕೀಗೆ ಕಳೆ ತರ್ತಿದ್ದಿಲ್ಲೇನು? ಫರಕು ಏನಂದ್ರ, ಇವರಿಗೆ ಎರಡನೇ ಸರ್ತಿ ಇರ್ಲಿಲ್ಲ. ಎಲ್ಲಾ ನೇರ ಪ್ರಸಾರ. ಸೋಮವಾರದಿಂದ ಶುಕ್ರವಾರ ತಾಲೀಮು, ಶನಿವಾರ ಹಗಲೆಲ್ಲಾ ಕ್ಯಾಮೆರಾ ತಾಲೀಮು, ರಾತ್ರಿ ಅಲೆಕ್ಸಾಂಡ್ರಾ ಪ್ಯಾಲೇಸ್ ಸ್ಟುಡಿಯೋದಿಂದ ಸೀದಾ ಜನರ ಮನಿಗೆ. ಡೈಲಾಗ್ ಮರತ್ರ ಮರತಂಗನ.

ಮುಗಿತಾಯ ನನಗ ಭಾಳ ಸೇರ್ತದ. ಕ್ವಾಟರ್‌ಮಾಸ್ ಒಳಗ ಹೋಗಿ ಆ ಜೀವದ ಸಂಗಾಟ ಮಾತಾಡ್ತಾನ. ನಿನ್ನೊಳಗ ಇನ್ನೂ ಆ ಮೂರು ಜನ ಇದ್ದಾರ, ನೀವು ಯಾರು ಅಂತ ನೆನಪು ಮಾಡ್ಕೊಳ್ರಿ, ಇದನ್ನ ಒಳಗಿಂದನ ತಡೀರಿ ಅಂತ ಬೇಡ್ಕೊತಾನ. ಉಳಿದಿದ್ದ ಆ ಚೂರು ಮನಶ್ಯಾತನ ಏಳ್ತದ, ಆ ಜೀವ ತನ್ನನ್ನ ತಾನ ಕೊಂದ್ಕೋತದ. ಬಂದೂಕು ಹಾರಿಸಿ ಮುಗಿಸೂದು ಸಸಾರ ಇತ್ತು; ಹಂಗ ಮಾಡ್ಲಿಲ್ಲ. 1955ರಾಗ ಹ್ಯಾಮರ್ ಕಂಪನಿಯವ್ರು ಇದನ್ನ ಸಿನಿಮಾ ಮಾಡಿದಾಗ ಇದೊಂದನ್ನ ತಗದು, ಕರೆಂಟು ಹರಿಸಿ ರಾಕ್ಷಸನ್ನ ಸುಟ್ಟುಬಿಟ್ರು. ನೀಲ್‌ಗೆ ಆ ಸಿನಿಮಾ ಸೇರ್ಲಿಲ್ಲ. ಸೇರೂದು ಹೆಂಗ?

ಮತ್ತ ಆ ಕಂತು ಯಾಕಿಲ್ಲ? ಆವಾಗ ವಿಡಿಯೋ ಟೇಪು ಬಂದಿರ್ಲಿಲ್ಲ. ನೇರ ಪ್ರಸಾರ ಉಳಿಸ್ಕೋಬೇಕಂದ್ರ ಒಂದು ಟಿವಿ ಪರದೆ ಮುಂದ ಸಿನಿಮಾ ಕ್ಯಾಮೆರಾ ಇಟ್ಟು ಚಿತ್ರ ತಗೀಬೇಕು. ಮೊದಲ ಎರಡು ಕಂತು ಹಂಗ ತಗದ್ರು. ಎರಡನೇದ್ರಾಗ ಪರದೆ ಮ್ಯಾಲೆ ಒಂದು ಹುಳ ಬಂದು ಕೂತದ. ಅದೂ ಚಿತ್ರದಾಗ ಬಂದು, ನಟರ ಮೈಮ್ಯಾಲೆ ಆರಾಮ ಅಡ್ಡಾಡ್ತದ. ಒಟ್ಟ ಚಿತ್ರ ಛಲೋ ಬರವಲ್ದು ಅಂತ ಮೂರನೇ ಕಂತಿನಿಂದ ತಗಿಯೂದನ್ನ ಬಿಟ್ರು. ಹಿಂಗಾಗಿ ಆ ಹುಳ ಎಪ್ಪತ್ತು ವರ್ಷ ದಾಟಿ ಉಳದದ, ಅಬ್ಬೆಯೊಳಗಿನ ಆ ಬೆರಳುಗಳು ಉಳೀಲಿಲ್ಲ. ಕಡೀ ಕಂತಿನ್ಯಾಗ ಏನಾತು ಅಂತ ನಮಗ ತಿಳದದ್ದು ಬರವಣಿಗಿ ಉಳದದ್ದಕ್ಕ. 1959ರಾಗ ಪೆಂಗ್ವಿನ್‌ನವ್ರು ಸಂಭಾಷಣಿ ಸಮೇತ ಪುಸ್ತಕ ಮಾಡಿದ್ರು.

ಇದರ ಉಲ್ಟಾನೂ ಒಂದದ. ಅಮೆರಿಕಾದ 'ವಿ' ಅನ್ನೂ ಧಾರಾವಾಹಿ, ಮನಶ್ಯಾರ ಚರ್ಮ ಹೊದ್ದ ಹಲ್ಲಿ ಮುಖದವ್ರು ಭೂಮಿಗೆ ಬರೂ ಕಥಿ. ಅದರ ಕಡೀ ಕಂತು 1985ರ ಮಾರ್ಚ್ 22ಕ್ಕ ಬಂತು. ಹುಡುಗಿ ಶಾಂತಿಗಾಗಿ ಪರಲೋಕದವರ ವಿಮಾನ ಹತ್ತತಾಳ, ಒಳಗ ಬಾಂಬ್ ಇಟ್ಟಿರ್ತಾರ, ಅಲ್ಲಿಗೆ ನಿಂತು ಹೋತು. ಕಂಪನಿಯವ್ರು ಧಾರಾವಾಹಿನ ಬಂದ್ ಮಾಡಿದ್ರು. ಕಂತು ಇವತ್ತೂ ಸಿಗ್ತದ, ಬಾಂಬ್ ಸಿಡೀತೋ ಇಲ್ಲೋ ಅನ್ನೂದು ಮಾತ್ರ ಇಲ್ಲ.

ಜುಡಿತ್ ಕೆರ್ ಬಗ್ಗೆ ಇನ್ನೊಂದೀಟು ಹೇಳಲೇಬೇಕು, ಯಾಕಂದ್ರ ನಾ ಓದಿದ ಬರಹದೊಳಗೆಲ್ಲಾ ಅಕೀನ ಅರ್ಧ ಸಾಲಿನ್ಯಾಗ ಮುಗಸ್ತಾರ. ಬರ್ಲಿನ್‌ನ್ಯಾಗ ಹುಟ್ಟಿದಾಕಿ. ಅಪ್ಪ ಯಹೂದಿ, ನಾಟಕದ ವಿಮರ್ಶಕ. ನಾಜಿಗಳು ಅವರ ಪುಸ್ತಕ ಸುಟ್ಟವ್ರು. 1933ರಾಗ, ಹಿಟ್ಲರ್ ಬಂದ ಕೂಡಲೆ, ಒಂಬತ್ತು ವರ್ಷದ ಹುಡುಗಿ ಮನಿ ಮಂದಿ ಸಂಗಾಟ ದೇಶ ಬಿಟ್ಟು ಓಡಿ ಬಂದ್ಲು. 1954ರಾಗ ನೀಲ್‌ನ ಲಗ್ನ ಆದ್ಲು, ಇಬ್ಬರು ಮಕ್ಕಳು. ರಾತ್ರಿ ಮಗಳಿಗೆ ಮಲಗುವಾಗ ಹೇಳಿದ ಕಥಿನ 1968ರಾಗ ಚಿತ್ರ ಬರದು ಪುಸ್ತಕ ಮಾಡಿದ್ಲು: 'ದಿ ಟೈಗರ್ ಹೂ ಕೇಮ್ ಟು ಟೀ'. ಒಂದಿನ ಬಾಗಲಾ ಬಡೀತದ, ತಗದ್ರ ಹುಲಿ. ಅವ್ವ ಒಳಗ ಕರದು ಚಹಾ ಕೊಡ್ತಾಳ. ಹುಲಿ ಅಡಿಗಿ ಮನ್ಯಾಗಿದ್ದದ್ದೆಲ್ಲಾ ತಿಂದು, ನಳದಾಗಿನ ನೀರೂ ಕುಡದು, ನಮಸ್ಕಾರ ಹೇಳಿ ಹೋಗ್ತದ. ಆ ಹುಲಿ ಅಂದ್ರ ನಾಜಿ ಪೊಲೀಸರು ಅಂತ ಕೆಲವ್ರು ಅರ್ಥ ಹೇಳ್ಯಾರ. ಹಂಗೇನಿಲ್ಲ, ಹುಲಿ ಅಂದ್ರ ಹುಲಿನ ಅಂತ ಅಕಿ ಹೇಳ್ತಿದ್ಲು. ಅಕಿ ಮಾತು ನನಗ ಒಪ್ಪಿಗಿ. ಆದ್ರೂ ಅಬ್ಬೆಯ ಗ್ವಾಡಿಗೆ ಹಬ್ಬಿದ್ದಕ್ಕ ಎಲಿ ಅಂಟಿಸಿದ ಕೈನ ಈ ಹುಲೀನ ಬರದದ್ದು ಅಂತ ಗೊತ್ತಾದ ಮ್ಯಾಲೆ, ಬಾಗಲದಾಗ ನಿಂತ ಆ ಹುಲೀನ ನಾ ಒಂದೀಟು ಬ್ಯಾರೆ ಥರಾನ ನೋಡ್ತೀನಿ. 2019ರಾಗ, ತೊಂಬತ್ತೈದು ವರ್ಷ ಆಗಿದ್ದಾಗ, ತೀರಿಕೊಂಡ್ಲು.

ಉಳದ ಎರಡು ಕಂತು ಡಿವಿಡಿಯಾಗಿ ಬಂದಾವ. ರಾತ್ರಿ ಒಬ್ಬರ ಕೂತು ನೋಡಬ್ಯಾಡ್ರಿ, ಕಪ್ಪು ಬಿಳುಪಿನ ಮಸಕು ಚಿತ್ರ ಬಣ್ಣದ್ದಕಿಂತ ಜಾಸ್ತಿ ಹೆದರಸ್ತದ. ಹುಲಿ ಪುಸ್ತಕ ನನ್ನ ಹತ್ರ ಅದ. ಮೊಮ್ಮಕ್ಕಳಿಗೆ ಓದಿ ಹೇಳೂದಿದ್ರ ಬಂದು ಒಯ್ರಿ, ಮೂಲಿ ಮಡಚದಂಗ ತಂದುಕೊಟ್ರ ಸಾಕು.