‘ಪ್ರೀತಿ ಇದ್ದರೆ ಸಾಕು, ಆಯಾಗೆ ತರಬೇತಿ ಯಾಕೆ?’: ವಿಶೇಷ ಮಕ್ಕಳ ತರಗತಿ ಸಹಾಯಕಿಯರ ಬಗ್ಗೆ ಗೊತ್ತಿರಬೇಕಾದದ್ದು

‘ಮಗುವಿಗೆ ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಬೀಗದ ಕೈ ಕೊಡಿ. ಮೂಗಿಗೆ ಈರುಳ್ಳಿ ಹಿಡಿಯಿರಿ. ನಾಲಿಗೆ ಕಚ್ಚಿಕೊಳ್ಳದ ಹಾಗೆ ಹಲ್ಲಿನ ನಡುವೆ ಚಮಚ ಇಡಿ.’ ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಒಂದಲ್ಲ ಒಂದು ಸಲ ಬಂದಿರುತ್ತದೆ. ಇದನ್ನು ನಂಬಿ ಹಾಗೇ ಮಾಡುವವರಲ್ಲಿ ವಿಶೇಷ ಮಕ್ಕಳ ಜೊತೆ ದಿನವಿಡೀ ಇರುವ ಆಯಾಗಳು, ಸಹಾಯಕಿಯರು, ಸ್ವಯಂಸೇವಕರೂ ಇದ್ದಾರೆ. ಅವರಿಗೆ ಬೇರೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಮೊದಲು ಈ ಮಾತನ್ನೇ ಮುಗಿಸೋಣ. ಬೀಗದ ಕೈ ಕೊಟ್ಟಾಗ ಫಿಟ್ಸ್ ನಿಂತಂತೆ ಕಾಣುವುದು ಯಾಕೆ? ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಬೀಗದ ಕೈ ಹುಡುಕಿ ತರುವಷ್ಟರಲ್ಲಿ ಅದು ಮುಗಿಯುತ್ತಾ ಬಂದಿರುತ್ತದೆ. ಹೆಸರು ಕಬ್ಬಿಣಕ್ಕೆ ಹೋಗುತ್ತದೆ. ಚಮಚದ ಸಲಹೆ ಮಾತ್ರ ನಿಜಕ್ಕೂ ಅಪಾಯ. ಹಲ್ಲು ಮುರಿಯುತ್ತದೆ, ಮುರಿದ ತುಂಡು ಶ್ವಾಸನಾಳಕ್ಕೆ ಹೋಗಬಹುದು. ಮಾಡಬೇಕಾದದ್ದು ಇಷ್ಟೇ: ಮಗುವನ್ನು ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಬೇಕು, ಬಾಯಿಗೆ ಏನನ್ನೂ ಹಾಕಬಾರದು, ನೀರೂ ಕುಡಿಸಬಾರದು, ಕೈಕಾಲು ಅದುಮಿ ಹಿಡಿಯಬಾರದು, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಕರೆ ಮಾಡಬೇಕು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಸರಿಸುಮಾರು ಮೂರರಲ್ಲಿ ಒಬ್ಬರಿಗೆ ಮೂರ್ಛೆರೋಗವೂ ಇರುತ್ತದೆ. ಹಾಗಾಗಿ ಇಂಥ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಇದು ಯಾವತ್ತೋ ಒಂದು ದಿನ ಎದುರಾಗುವ ಸಂದರ್ಭವೇ ಹೌದು.

ಈಗ ತಲೆಬರಹದ ಪ್ರಶ್ನೆಗೆ ಬರೋಣ.

ಈ ಸಹಾಯಕಿ ಅಂದರೆ ಯಾರು?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸಾಮಾನ್ಯ ಸರ್ಕಾರಿ ಶಾಲೆಯಲ್ಲಿ ‘ತರಗತಿ ಸಹಾಯಕಿ’ ಎಂಬ ಬೋರ್ಡು ಹೊತ್ತ ಹುದ್ದೆ ಹುಡುಕಿದರೆ ಸಿಗುವುದು ಕಷ್ಟ. ಕೆಲಸ ಮಾತ್ರ ಇದೆ. ಅದನ್ನು ಒಂದು ಕಡೆ ತಾಯಿಯೇ ಬಂದು ಕೂತು ಮಾಡುತ್ತಾಳೆ, ಇನ್ನೊಂದು ಕಡೆ ಬಿಸಿಯೂಟದ ಅಡುಗೆಯಾಕೆ, ಮತ್ತೊಂದು ಕಡೆ ಸ್ವಯಂಸೇವಕಿ. ವಿಶೇಷ ಶಾಲೆಗಳಲ್ಲಿ ಆಯಾ ಇರುತ್ತಾರೆ. ಸಮಗ್ರ ಶಿಕ್ಷಣ ಯೋಜನೆಯಡಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಎಲ್ಲರೂ ಬಿಆರ್‌ಸಿ ಎನ್ನುವ ಕಚೇರಿಯಲ್ಲಿ, ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಅವರು ತರಬೇತಿ ಪಡೆದವರು. ಆದರೆ ಇಡೀ ತಾಲ್ಲೂಕಿನ ಶಾಲೆಗಳನ್ನೂ, ಶಾಲೆಗೆ ಬರಲಾಗದ ಮಕ್ಕಳ ಮನೆಗಳನ್ನೂ ಸುತ್ತಬೇಕು. ಅವರು ಬಂದು ಹೋದ ಮೇಲೆ ಉಳಿದ ದಿನಗಳಲ್ಲಿ ಮಗುವಿನ ಜೊತೆ ಇರುವವರು ಮೇಲೆ ಹೇಳಿದ ಹೆಂಗಸರೇ.

ಕಾನೂನು ಇವರನ್ನು ಮರೆತಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016, ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ 17ನೇ ಕಲಂ ಶಿಕ್ಷಕರ ತರಬೇತಿಯ ಜೊತೆಗೇ, ಸಮನ್ವಯ ಶಿಕ್ಷಣಕ್ಕೆ ನೆರವಾಗುವ ಸಿಬ್ಬಂದಿಗೂ ಶಾಲೆಯ ಎಲ್ಲ ಹಂತದಲ್ಲಿ ತರಬೇತಿ ಕೊಡಬೇಕು ಎಂದು ಬೇರೆಯಾಗಿಯೇ ಹೇಳುತ್ತದೆ. ವಿಶೇಷ ಶಿಕ್ಷಕರ ವಿಚಾರವಾಗಿ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ನಿರ್ದೇಶನ ಕೊಟ್ಟಿತು. ಪ್ರಾಥಮಿಕ ಹಂತದಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಎಂಬ ಲೆಕ್ಕ ಅಲ್ಲಿಂದ ಚರ್ಚೆಗೆ ಬಂತು. ಹುದ್ದೆಗಳನ್ನು ಮಂಜೂರು ಮಾಡಿ ಎಂದು 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು ಎಂದರೆ ಕೆಲಸ ಎಷ್ಟು ನಿಧಾನ ಎಂದು ನೀವೇ ಲೆಕ್ಕ ಹಾಕಿ. ಶಿಕ್ಷಕರ ಗತಿಯೇ ಹೀಗಿರುವಾಗ ಸಹಾಯಕಿಯರ ತರಬೇತಿ ಯಾರ ಪಟ್ಟಿಯಲ್ಲೂ ಮೊದಲು ಬರುವುದಿಲ್ಲ.

‘ಒಂದು ದಿನದ ತರಬೇತಿ ಆಗಿದೆಯಲ್ಲ?’

ಒಂದು ಹಾಲ್, ಐವತ್ತು ಕುರ್ಚಿ, ಪ್ರೊಜೆಕ್ಟರ್, ಮಧ್ಯಾಹ್ನ ಪಲಾವ್, ಸಂಜೆ ಪ್ರಮಾಣಪತ್ರ ಹಿಡಿದು ಗ್ರೂಪ್ ಫೋಟೊ. ಇಂಥ ದಿನ ವ್ಯರ್ಥ ಅಂತ ನಾವು ಹೇಳುತ್ತಿಲ್ಲ. ಆದರೆ ಅಲ್ಲಿ ಕೇಳಿದ್ದು ತರಗತಿಯವರೆಗೆ ಬರುವುದು ಬಹಳ ಕಡಿಮೆ. ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಿಂದ ಶಿಕ್ಷಕರ ತರಬೇತಿಯನ್ನು ಅಭ್ಯಾಸ ಮಾಡಿ ಹೇಳಿದ್ದು ಇದನ್ನೇ: ಉಪನ್ಯಾಸ ಕೇಳಿದರೆ ತಿಳಿವಳಿಕೆ ಬರುತ್ತದೆ, ಕೈಗೆ ಬರಬೇಕಾದರೆ ಮಾಡಿ ತೋರಿಸಬೇಕು, ಮಾಡಿಸಬೇಕು, ಆಮೇಲೆ ಅವರ ತರಗತಿಗೇ ಹೋಗಿ ನೋಡಿ ತಿದ್ದಬೇಕು. ಸಹಾಯಕಿಯರ ಮೇಲೆಯೇ ನಡೆದ ಈಚಿನ ಅಧ್ಯಯನಗಳೂ ಇದೇ ದಿಕ್ಕಿನಲ್ಲಿವೆ.

ಸೈಕಲ್ ಕಲಿಯುವುದನ್ನು ನೆನಪಿಸಿಕೊಳ್ಳಿ. ಯಾರೂ ಪ್ರೊಜೆಕ್ಟರ್ ನೋಡಿ ಕಲಿತಿಲ್ಲ.

ಇನ್ನೊಂದು ವಿಷಯ, ಕಲಿತದ್ದು ಮರೆತು ಹೋಗುತ್ತದೆ. ಪ್ರಥಮ ಚಿಕಿತ್ಸೆ, ಎದೆ ಒತ್ತುವ ಸಿಪಿಆರ್ ಇವೆಲ್ಲ ಬಳಸದೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಕೈ ತಪ್ಪುತ್ತವೆ. ಆಸ್ಪತ್ರೆ ಸಿಬ್ಬಂದಿಗೂ ಅಷ್ಟೇ. ಆದ್ದರಿಂದಲೇ ಅವರಿಗೆ ಮತ್ತೆ ಮತ್ತೆ ತರಬೇತಿ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ವಿಶೇಷ ಶಿಕ್ಷಕರು, ಥೆರಪಿಸ್ಟರು ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲು ನಿರಂತರ ಕಲಿಕೆಯ ಅಂಕ ಗಳಿಸಬೇಕು. ಮಗುವನ್ನು ಎತ್ತುವ, ಉಣ್ಣಿಸುವ, ಬಚ್ಚಲಿಗೆ ಕರೆದೊಯ್ಯುವ ಸಹಾಯಕಿಗೆ ಅಂಥ ಏರ್ಪಾಡಿಲ್ಲ. ನಮಗೆ ಇದು ತಲೆಕೆಳಗಾದ ವ್ಯವಸ್ಥೆ ಅನಿಸುತ್ತದೆ.

ಊಟದ ಹೊತ್ತು

ಉಣ್ಣಿಸುವುದು ಯಾವ ಹೆಂಗಸಿಗೆ ಗೊತ್ತಿಲ್ಲ ಎಂದು ಕೇಳುವವರಿದ್ದಾರೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಉಣ್ಣಿಸುವುದು ಬೇರೆಯೇ ಕೆಲಸ. ಎಳೆಗೂಸಿನ ಹಾಗೆ ತೊಡೆಯ ಮೇಲೆ ಅಂಗಾತ ಮಲಗಿಸಿ ಅನ್ನ ಸಾರು ಬಾಯಿಗೆ ಹಾಕಿದರೆ, ತಲೆ ಹಿಂದಕ್ಕೆ ವಾಲಿ, ನುಂಗುವ ಮೊದಲೇ ತಿಳಿ ಶ್ವಾಸನಾಳಕ್ಕೆ ಇಳಿಯುತ್ತದೆ. ಪ್ರತಿ ತುತ್ತಿಗೂ ಕೆಮ್ಮು, ಕಣ್ಣಲ್ಲಿ ನೀರು, ಉಂಡ ಮೇಲೆ ಗಂಟಲಲ್ಲಿ ಗೊರಗೊರ ಸದ್ದು, ಪದೇ ಪದೇ ಎದೆ ಕಟ್ಟಿ ಜ್ವರ. ಇವು ಅನ್ನ ಪುಪ್ಪುಸದ ದಾರಿ ಹಿಡಿಯುತ್ತಿದೆ ಎಂಬುದರ ಸೂಚನೆಗಳು. ‘ಇವನಿಗೆ ಥಂಡಿ ಜಾಸ್ತಿ’ ಎಂದು ವರ್ಷಗಟ್ಟಲೆ ಸುಮ್ಮನಿದ್ದ ಮನೆಗಳಿವೆ.

ಸರಿಯಾದ ರೀತಿ: ಬೆನ್ನು ನೇರ, ಪಾದಕ್ಕೆ ಆಸರೆ, ಗದ್ದ ಸ್ವಲ್ಪ ಕೆಳಗೆ. ಉಣ್ಣಿಸುವವರು ಮಗುವಿನ ಎದುರಿಗೆ, ಅದರ ಕಣ್ಣಿನ ಮಟ್ಟಕ್ಕೆ ಕೂರಬೇಕು. ಚಿಕ್ಕ ಚಮಚ, ಅರ್ಧ ತುಂಬಿದ್ದು. ನುಂಗಿದ್ದು ಖಾತ್ರಿಯಾದ ಮೇಲೆ ಮುಂದಿನ ತುತ್ತು. ತೆಳು ಸಾರು, ನೀರು ಕೆಲವು ಮಕ್ಕಳಿಗೆ ಗಟ್ಟಿ ಅನ್ನಕ್ಕಿಂತ ಕಷ್ಟ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಶೇಂಗಾ ಕಾಳು ಇಂಥ ಮಕ್ಕಳ ಕೈಗೆ ಬೇಡ. ಇದನ್ನು ಓದಿ ತಿಳಿಯಬಹುದು, ಆದರೆ ಗದ್ದ ಎಷ್ಟು ಕೆಳಗೆ, ಯಾವ ಮಗುವಿಗೆ ಎಷ್ಟು ಮೆದು ಎಂಬುದನ್ನು ಸ್ಪೀಚ್ ಥೆರಪಿಸ್ಟ್ ಅಥವಾ ಬಿಐಇಆರ್‌ಟಿ ಆ ಮಗುವಿನ ಮುಂದೆಯೇ ತೋರಿಸಬೇಕು. ಮಗು ಬೆಳೆದಂತೆ ಇದು ಬದಲಾಗುತ್ತದೆ, ಮತ್ತೆ ತೋರಿಸಬೇಕು.

ಪಕ್ಕದಲ್ಲೇ ಕೂತಷ್ಟೂ ಒಳ್ಳೆಯದೇ?

ಇದು ನಮ್ಮೆಲ್ಲರ ನಂಬಿಕೆ, ಮತ್ತು ಪ್ರೀತಿಯಿಂದ ಹುಟ್ಟಿದ ನಂಬಿಕೆ. 1997ರಲ್ಲಿ ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಮೈಕೆಲ್ ಜಿಯಾಂಗ್ರೆಕೊ ಮತ್ತು ಜೊತೆಗಾರರು ತರಗತಿಗಳಲ್ಲಿ ಕೂತು ನೋಡಿದರು. ಸಹಾಯಕಿ ಸದಾ ಅಂಟಿಕೊಂಡಿದ್ದ ಕಡೆ ಮಗು ಗೆಳೆಯರಿಂದ ದೂರವಾಗುತ್ತಿತ್ತು, ಪ್ರತಿಯೊಂದಕ್ಕೂ ಆಕೆಯ ಮುಖ ನೋಡುತ್ತಿತ್ತು. ತರಗತಿ ಶಿಕ್ಷಕರೂ ‘ಆ ಮಗು ಆಕೆಯದು’ ಎಂದು ಕೈಬಿಡುತ್ತಿದ್ದರು. ಇಂಗ್ಲೆಂಡಿನಲ್ಲಿ ಪೀಟರ್ ಬ್ಲಾಚ್‌ಫರ್ಡ್ ತಂಡ ನಡೆಸಿದ ದೊಡ್ಡ ಅಧ್ಯಯನದಲ್ಲಿ ಇನ್ನೂ ಬೇಸರದ ಸಂಗತಿ ಕಂಡಿತು. ಸಹಾಯಕರ ನೆರವು ಹೆಚ್ಚು ಸಿಕ್ಕ ಮಕ್ಕಳು, ಅಂಥದೇ ಬೇರೆ ಮಕ್ಕಳಿಗಿಂತ ಕಡಿಮೆ ಕಲಿತಿದ್ದರು. ಇದನ್ನು ಸಹಾಯಕರ ತಪ್ಪು ಎಂದು ಆ ತಂಡ ಹೇಳಲಿಲ್ಲ. ಪಾಠಕ್ಕೆ ಮುಂಚೆ ಶಿಕ್ಷಕರ ಜೊತೆ ಎರಡು ಮಾತಾಡಲು ಅವರಿಗೆ ಸಮಯವೇ ಇರಲಿಲ್ಲ, ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ, ಆದ್ದರಿಂದ ಕೆಲಸ ಮುಗಿಸಿಕೊಡುವುದೇ ಸಹಾಯ ಎಂದುಕೊಂಡಿದ್ದರು.

ನಮ್ಮಲ್ಲೂ ಇದು ದಿನನಿತ್ಯದ ದೃಶ್ಯ. ಅಕ್ಕೋರು ‘ಅ ಬರಿ’ ಅನ್ನುತ್ತಾರೆ, ಮಗು ಪೆನ್ಸಿಲ್ ಹಿಡಿಯುವ ಮೊದಲೇ ಸಹಾಯಕಿ ಅದರ ಕೈ ಹಿಡಿದು ಬರೆಸಿರುತ್ತಾಳೆ. ಪುಸ್ತಕ ತುಂಬಿರುತ್ತದೆ, ಮಗು ಕಲಿತಿರುವುದಿಲ್ಲ. ತರಬೇತಿ ಇರುವವರು ಮೊದಲು ಕಾಯುತ್ತಾರೆ, ಮನಸ್ಸಿನಲ್ಲೇ ಐದರಿಂದ ಹತ್ತರವರೆಗೆ ಎಣಿಸುತ್ತಾರೆ. ಆಗಲಿಲ್ಲ ಎಂದರೆ ಬೆರಳು ತೋರಿಸುತ್ತಾರೆ, ಆಮೇಲೆ ಮೊಣಕೈ ಮುಟ್ಟುತ್ತಾರೆ, ಕೊನೆಗೆ ಮಾತ್ರ ಕೈ ಹಿಡಿಯುತ್ತಾರೆ. ಮುಂದಿನ ವಾರ ಒಂದು ಮೆಟ್ಟಿಲು ಕಡಿಮೆ. ಸುಮ್ಮನೆ ಕಾಯುವುದು ಕಲಿಯಲು ಎಲ್ಲಕ್ಕಿಂತ ಕಷ್ಟದ ಕೆಲಸ, ಯಾಕೆಂದರೆ ನೋಡುವವರಿಗೆ ‘ಆಕೆ ಸುಮ್ಮನೆ ಕೂತಿದ್ದಾಳೆ’ ಅನಿಸುತ್ತದೆ.

ಇಲ್ಲಿ ಏನು ಸಾಧ್ಯ?

ದೊಡ್ಡ ಕಟ್ಟಡ ಬೇಕಿಲ್ಲ. ವಾರಕ್ಕೊಮ್ಮೆ ಅಕ್ಕೋರು ಮತ್ತು ಸಹಾಯಕಿ ಹದಿನೈದು ನಿಮಿಷ ಕೂತು ಮಾತಾಡುವುದು. ತಿಂಗಳಿಗೊಮ್ಮೆ ಬಿಐಇಆರ್‌ಟಿ ಬಂದಾಗ ಒಂದೇ ಒಂದು ಕೌಶಲ ಎತ್ತಿಕೊಂಡು, ಮಾಡಿಸಿ, ನೋಡಿ ತಿದ್ದುವುದು. ಈ ತಿಂಗಳು ಉಣ್ಣಿಸುವುದು, ಮುಂದಿನ ತಿಂಗಳು ಬೆನ್ನು ನೋಯದ ಹಾಗೆ ಮಗುವನ್ನು ಎತ್ತುವುದು. ವರ್ಷಕ್ಕೆರಡು ಸಲ ಫಿಟ್ಸ್ ಮತ್ತು ಗಂಟಲಲ್ಲಿ ಸಿಕ್ಕಿಕೊಂಡದ್ದಕ್ಕೆ ಪ್ರಥಮ ಚಿಕಿತ್ಸೆ. ಶೌಚಕ್ಕೆ ಕರೆದೊಯ್ಯುವಾಗ ಮಗುವಿನ ಖಾಸಗಿತನ ಮತ್ತು ಪೋಕ್ಸೊ ಕಾಯ್ದೆ 2012 ಏನು ಹೇಳುತ್ತದೆ ಎಂಬುದೂ ಪಟ್ಟಿಯಲ್ಲಿರಬೇಕು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ರೈಲು ಮಾರ್ಗದಲ್ಲಿವೆ, ಮೂರು ತಾಲ್ಲೂಕಿನವರು ಸರದಿಯಲ್ಲಿ ಸೇರುವುದು ಕಷ್ಟವೇನಲ್ಲ. ರಾಣೆಬೆನ್ನೂರಿನಿಂದ ಹೆದ್ದಾರಿ ಹಿಡಿದರೆ ದಾವಣಗೆರೆ. ಅಲ್ಲಿ ಸಿಕಂದರಾಬಾದಿನ ರಾಷ್ಟ್ರೀಯ ಬೌದ್ಧಿಕ ವಿಕಲಚೇತನರ ಸಂಸ್ಥೆಯ ಅಡಿಯಲ್ಲಿ ನಡೆಯುವ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ಮಾತು ಮತ್ತು ಶ್ರವಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೀಕ್ಷಾ ಆ್ಯಪ್‌ನಲ್ಲಿ ಸಮನ್ವಯ ಶಿಕ್ಷಣದ ಪಾಠಗಳು ಫೋನಿನಲ್ಲೇ ಸಿಗುತ್ತವೆ. ಅವು ಶಿಕ್ಷಕರಿಗಾಗಿ ಮಾಡಿದವು, ಆದರೂ ಶುರುಮಾಡಲು ಸಾಕು.

ದಿನಾಂಕ ಗೊತ್ತುಮಾಡುವವರು ಒಂದನ್ನು ಗಮನಿಸಲಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿಯ ತಿಂಗಳುಗಳಲ್ಲಿ ತೊಟ್ಟು ಬಿಡಿಸುವ ಕೂಲಿಗೆ ಹೆಂಗಸರು ಹೋಗುತ್ತಾರೆ. ಅಂಥ ದಿನ ತಾಯಂದಿರನ್ನು ತರಬೇತಿಗೆ ಕರೆದರೆ ಒಂದು ದಿನದ ಕೂಲಿ ಬಿಟ್ಟು ಬನ್ನಿ ಎಂದಂತೆ. ಬಸ್ ಚಾರ್ಜು, ದಿನದ ಕೂಲಿ ಕೊಡದೆ ‘ಯಾರೂ ಬರಲಿಲ್ಲ’ ಎಂದು ವರದಿ ಬರೆಯುವುದು ನ್ಯಾಯವಲ್ಲ.

ಪ್ರಮಾಣಪತ್ರದ ಫಾರ್ವರ್ಡ್‌ಗಳು

‘15 ದಿನದ ಆನ್‌ಲೈನ್ ಕೋರ್ಸ್, ವಿಶೇಷ ಶಿಕ್ಷಕರಾಗಿ, ಸರ್ಕಾರಿ ಕೆಲಸ ಖಚಿತ’ ಎಂಬ ಪೋಸ್ಟರ್ ಬಂದರೆ ದುಡ್ಡು ಕಟ್ಟುವ ಮೊದಲು ನಿಲ್ಲಿ. ವಿಶೇಷ ಶಿಕ್ಷಣದ ಡಿ.ಎಡ್. ಎರಡು ವರ್ಷದ್ದು, ಅದನ್ನು ನಡೆಸಲು ಪುನರ್ವಸತಿ ಪರಿಷತ್ತಿನ ಮಾನ್ಯತೆ ಬೇಕು. ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಪರಿಷತ್ತಿನ ಜಾಲತಾಣದಲ್ಲೇ ಇದೆ. ಆರೈಕೆದಾರರಿಗೆ ಕಡಿಮೆ ಅವಧಿಯ ತರಬೇತಿಗಳೂ ನಿಜಕ್ಕೂ ಇವೆ, ರಾಷ್ಟ್ರೀಯ ನ್ಯಾಸದ ‘ಸಹಯೋಗಿ’ ಯೋಜನೆ ಅಂಥದ್ದು. ಅವು ಆರೈಕೆ ಕಲಿಸುತ್ತವೆ, ಶಿಕ್ಷಕರನ್ನಾಗಿ ಮಾಡುವುದಿಲ್ಲ.

ಕೊನೆಗೆ ನಿಮ್ಮ ಫೋನಿನ ಮಾತು. ಕಲಿಕೆಗಾಗಿ ಸಹಾಯಕಿಯ ಕೆಲಸವನ್ನು ವಿಡಿಯೊ ಮಾಡಿ, ಆಕೆಗೇ ತೋರಿಸಿ ತಿದ್ದುವುದು ಒಳ್ಳೆಯ ವಿಧಾನ. ತಂದೆ ತಾಯಿಯ ಒಪ್ಪಿಗೆ ಬೇಕು, ನೋಡಿದ ಮೇಲೆ ಅಳಿಸಬೇಕು. ಫಿಟ್ಸ್ ಬಂದ ಮಗುವಿನ ವಿಡಿಯೊ ಡಾಕ್ಟರಿಗೆ ತೋರಿಸಲು ಬಹಳ ಉಪಯೋಗ, ಯಾವ ಬಗೆಯ ಫಿಟ್ಸ್ ಎಂದು ಅವರಿಗೆ ಅದರಿಂದಲೇ ತಿಳಿಯಬಹುದು. ಅದು ಡಾಕ್ಟರಿಗೆ ಮಾತ್ರ, ಊರಿನ ಗ್ರೂಪಿಗೆ ಅಲ್ಲ.