ಹತ್ತಿ ಹೊಲಕ್ಕೆ ಬಂದ ಕಾರುಗಳು

ಎನ್‌ಎಸ್‌ಎಸ್ ಶಿಬಿರದ ಹುಡುಗಿಯರು ಊರಿಗೆ ಬಂದು, ಏಳು ದಿನ ಚರಂಡಿ ಬಳಿದು, ಶಾಲೆ ಗೋಡೆಗೆ ಸುಣ್ಣ ಹೊಡೆದು ಹೋಗುವುದನ್ನು ನೀವೂ ನೋಡಿರುತ್ತೀರಿ. ನಮ್ಮಲ್ಲಿ ಕೆಲವರು ಆ ಶಿಬಿರಗಳಲ್ಲಿ ಉಪ್ಪಿಟ್ಟು ತಿಂದವರೇ. ನಮ್ಮ ದೇಶದಲ್ಲಿ ಎನ್‌ಎಸ್‌ಎಸ್ ಶುರುವಾದದ್ದು 1969ರಲ್ಲಿ. ಅದಕ್ಕೂ 61 ವರ್ಷ ಮೊದಲು ಅಮೆರಿಕದ ಕಪ್ಪು ಹುಡುಗಿಯರು ತಾವೇ ಕಟ್ಟಿಕೊಂಡ ಸಂಘವೊಂದರ ಕಥೆ ಇದು.

ವಾಷಿಂಗ್ಟನ್ನಿನಲ್ಲಿ ಹಾವರ್ಡ್ ಎಂಬ ವಿಶ್ವವಿದ್ಯಾಲಯವಿದೆ. ಹಾರ್ವರ್ಡ್ ಬೇರೆ, ಇದು ಬೇರೆ. ಗುಲಾಮಗಿರಿ ಹೋದ ಎರಡೇ ವರ್ಷಕ್ಕೆ, 1867ರಲ್ಲಿ ಶುರುವಾದದ್ದು. 1908ರ ಜನವರಿ 15ರಂದು ಅಲ್ಲಿ ಎಥೆಲ್ ಹೆಡ್ಜ್‌ಮನ್ ಎಂಬ ವಿದ್ಯಾರ್ಥಿನಿ ಗೆಳತಿಯರನ್ನು ಸೇರಿಸಿಕೊಂಡು 'ಆಲ್ಫಾ ಕಪ್ಪಾ ಆಲ್ಫಾ' ಕಟ್ಟಿದಳು. ಅಕ್ಕತಂಗಿಯರ ಸಂಘ ಅನ್ನಿ. ಕಪ್ಪು ವಿದ್ಯಾರ್ಥಿನಿಯರದ್ದು ಅಂತ ಅಲ್ಲಿ ಹುಟ್ಟಿದ ಇಂಥ ಮೊದಲ ಸಂಘ. ಮುಂದೆ ಉಪಾಧ್ಯಕ್ಷೆಯಾದ ಕಮಲಾ ಹ್ಯಾರಿಸ್ ಹಾವರ್ಡಿನಲ್ಲಿ ಓದುವಾಗ ಸೇರಿದ್ದು ಇದಕ್ಕೇ.

ಸಂಘ ಅಂದಮೇಲೆ ಒಡಕು ಇಲ್ಲದೆ ಇರುತ್ತದೆಯೇ? 1913ರ ಜನವರಿಯಲ್ಲಿ 22 ಮಂದಿ ಬೇರೆಯಾಗಿ 'ಡೆಲ್ಟಾ ಸಿಗ್ಮಾ ಥೀಟಾ' ಮಾಡಿಕೊಂಡರು. ಎರಡು ತಿಂಗಳೂ ತುಂಬಿರಲಿಲ್ಲ, ಮಾರ್ಚ್ 3ರಂದು ಹೆಂಗಸರಿಗೆ ಮತದಾನದ ಹಕ್ಕು ಕೇಳುವ ದೊಡ್ಡ ಮೆರವಣಿಗೆಯಲ್ಲಿ ಆ ಹುಡುಗಿಯರು ನಡೆದರು. ಅವರ ಕಥೆ ಇನ್ನೊಮ್ಮೆ ಬರೆಯುತ್ತೇವೆ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮೊದಲ ಸಂಘ ಮಿಸಿಸಿಪಿಯಲ್ಲಿ ಮಾಡಿದ ಕೆಲಸ. ಆ ರಾಜ್ಯದಲ್ಲೇ ಹುಟ್ಟಿ, ಕ್ಯಾಲಿಫೋರ್ನಿಯಾದಲ್ಲಿ ಮೇಡಂ ಆಗಿದ್ದ ಐಡಾ ಜಾಕ್ಸನ್ 1934ರ ಬೇಸಿಗೆಯಲ್ಲಿ ಹಳ್ಳಿ ಮೇಷ್ಟ್ರುಗಳಿಗೆ ತರಬೇತಿ ಶುರುಮಾಡಿದರು. ಆದರೆ ಅಲ್ಲಿನ ಮಕ್ಕಳ ಮೈಯಲ್ಲೇ ಬಲವಿರಲಿಲ್ಲ. ಹೊಟ್ಟೆಗೆ ಸರಿಯಾಗಿಲ್ಲ, ಕಾಯಿಲೆ ಬಿಡುವುದಿಲ್ಲ, ಅಕ್ಷರ ತಲೆಗೆ ಹತ್ತುವುದು ಹೇಗೆ? ಮರುವರ್ಷ ಡಾ. ಡೊರೊಥಿ ಫೆರಬಿ ಅವರ ಮುಂದಾಳತ್ವದಲ್ಲಿ ಸಂಘದವರು ಔಷಧಿ, ಲಸಿಕೆ ಹಿಡಿದು ಹೋಮ್ಸ್ ಕೌಂಟಿಗೆ ಹೋದರು.

ಚಿಕಿತ್ಸೆಗೆ ಜಾಗ ಮಾಡಿ ಕಾದು ಕೂತರು. ಆದರೆ ಹತ್ತಿ ತೋಟದ ಯಜಮಾನರು ಆಳುಗಳನ್ನು ಕಳಿಸಲಿಲ್ಲ. ಪಟ್ಟಣದಿಂದ ಬಂದ ಓದಿದ ಹೆಂಗಸರು ಪಾಲಿಗೆ ಮಾಡುವವರ ಕಿವಿಯಲ್ಲಿ ಏನು ಊದುತ್ತಾರೋ ಎಂಬ ಅನುಮಾನ ಅವರಿಗೆ. ಗೌಡರ ಹೊಲದಲ್ಲಿ ಪಾಲಿಗೆ ದುಡಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಫೆರಬಿ ವಾಪಸ್ ಹೋಗಲಿಲ್ಲ. ಜನ ಬರದಿದ್ದರೆ ನಾವೇ ಹೋಗೋಣ ಎಂದು ತಮ್ಮ ಕಾರುಗಳಿಗೆ ಸಾಮಾನು ತುಂಬಿಕೊಂಡು ತೋಟಕ್ಕೇ ನಡೆದರು. ಮಕ್ಕಳಿಗೆ ಸಿಡುಬು, ಗಂಟಲುಮಾರಿಯ ಲಸಿಕೆ ಹಾಕಿದರು, ಹಲ್ಲು ನೋಡಿದರು, ತಾಯಂದಿರಿಗೆ ಏನು ಉಣಿಸಬೇಕೆಂದು ಹೇಳಿಕೊಟ್ಟರು. ಜಮೀನು ಯಜಮಾನರ ಕೈಯಲ್ಲೇ ಉಳಿಯಿತು, ನಿಜ. ಅದನ್ನು ಮುಚ್ಚಿಟ್ಟು ಹೊಗಳುವುದು ನಮಗೆ ಸರಿಕಾಣದು. ಆದರೆ ಒಂದು ಬೇಸಿಗೆಗೆ ಬಂದು ಫೋಟೋ ತೆಗೆಸಿಕೊಂಡು ಹೋದವರಲ್ಲ ಇವರು. ಕೈಯಿಂದಲೇ ಖರ್ಚು ಹಾಕಿಕೊಂಡು, ಎರಡನೇ ಮಹಾಯುದ್ಧ ಅಮೆರಿಕದ ಬಾಗಿಲಿಗೆ ಬರುವತನಕ ಪ್ರತಿ ಬೇಸಿಗೆಯೂ ಮಿಸಿಸಿಪಿಯ ಮಣ್ಣು ರಸ್ತೆಗಳಲ್ಲಿ ಬರುತ್ತಲೇ ಇದ್ದರು.