ಕಡಲ ಅಲಂಕಾರಿಕ ಮೀನುಗಳಲ್ಲಿ ಬಿಳಿಚುಕ್ಕೆ ಹಾಗೂ ವೆಲ್ವೆಟ್ ರೋಗ: ಗುರುತಿಸುವಿಕೆ ಮತ್ತು ನಿರ್ವಹಣೆ

ಕ್ಲೌನ್ ಮೀನು, ಡ್ಯಾಮ್ಸೆಲ್ ಮುಂತಾದ ಕಡಲ ಅಲಂಕಾರಿಕ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿ ಮಾಡಿಸಿ ಬೆಳೆಸುವ ತಂತ್ರಜ್ಞಾನವು ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯತ್ನದಿಂದ ಸಣ್ಣ ಹಿಡುವಳಿದಾರರಿಗೂ ಲಭ್ಯವಾಗಿದೆ. ಜೋಡಿಗೂಡಿ ಮೊಟ್ಟೆಯಿಡಲು ತಿಂಗಳುಗಳನ್ನೇ ತೆಗೆದುಕೊಳ್ಳುವ ತಾಯಿಮೀನುಗಳು ಈ ಉದ್ಯಮದ ನಿಜವಾದ ಬಂಡವಾಳ. ಅವು ಒಂದೆರಡು ದಿನಗಳಲ್ಲಿ ನಾಶವಾಗುವುದು ಬಹುಪಾಲು ಪರಾವಲಂಬಿ ಜೀವಿಗಳಿಂದ. ಆದ್ದರಿಂದ ರೋಗವನ್ನು ಮೊದಲ ದಿನವೇ ಸರಿಯಾಗಿ ಗುರುತಿಸುವುದು ಅವಶ್ಯಕ.

ಮೊದಲು ನೀರನ್ನು ಪರೀಕ್ಷಿಸಿ

ತೊಟ್ಟಿಯ ಎಲ್ಲ ಮೀನುಗಳೂ ಒಮ್ಮೆಲೇ ಮೇಲ್ಮೈಗೆ ಬಂದು ಏದುಸಿರು ಬಿಡುತ್ತಿದ್ದರೆ ಔಷಧದ ಬಾಟಲಿಗೆ ಕೈ ಹಾಕಬೇಡಿ. ಅಮೋನಿಯಾ, ಕರಗಿದ ಆಮ್ಲಜನಕ, ರಸಸಾರ ಹಾಗೂ ಲವಣಾಂಶಗಳನ್ನು ಅಳೆಯಿರಿ. ರಸಸಾರ 8.0 ರಿಂದ 8.4 ಇರಬೇಕು, ಅಮೋನಿಯಾ ಶೂನ್ಯಕ್ಕೆ ಸಮೀಪವಿರಬೇಕು. ಮಳೆಗಾಲದಲ್ಲಿ ಅಳಿವೆಯ ಸಮೀಪದಿಂದ ನೀರೆತ್ತುವ ಘಟಕಗಳಲ್ಲಿ ಲವಣಾಂಶವು ಹಠಾತ್ತನೆ ಕುಸಿಯುವುದುಂಟು. ಕೆಲವೇ ಮೀನುಗಳಲ್ಲಿ ಆರಂಭವಾಗಿ ದಿನದಿಂದ ದಿನಕ್ಕೆ ಹರಡುವ ತೊಂದರೆಯಾದರೆ ಮಾತ್ರ ರೋಗವನ್ನು ಶಂಕಿಸಬೇಕು.

ಬಿಳಿಚುಕ್ಕೆ ರೋಗ

ಕ್ರಿಪ್ಟೋಕ್ಯಾರಿಯಾನ್ ಇರಿಟನ್ಸ್ ಎಂಬ ಏಕಕೋಶ ಜೀವಿಯು ಇದಕ್ಕೆ ಕಾರಣ. ಮೈಮೇಲೆ ಹಾಗೂ ಈಜುರೆಕ್ಕೆಗಳ ಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಡಿಬಿಡಿಯಾದ ಬಿಳಿ ಚುಕ್ಕೆಗಳು ಕಾಣುತ್ತವೆ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ, ಮೇವು ಬಿಡುತ್ತದೆ. ಕಿವಿರಿಗೆ ಮಾತ್ರ ಸೋಂಕು ತಗುಲಿದ್ದರೆ ಚುಕ್ಕೆಯೇ ಕಾಣದೆ ಉಸಿರಾಟವಷ್ಟೇ ಹೆಚ್ಚಿರುತ್ತದೆ.

ಈ ರೋಗದಲ್ಲಿ ಕೃಷಿಕರು ಮೋಸಹೋಗುವ ಹಂತವೊಂದಿದೆ. ಪರಾವಲಂಬಿಯು ಮೀನಿನ ಚರ್ಮದೊಳಗೆ 3 ರಿಂದ 7 ದಿನ ಇದ್ದು, ಅನಂತರ ಕಳಚಿಕೊಂಡು ತೊಟ್ಟಿಯ ತಳಕ್ಕೆ ಅಂಟಿ ಕೋಶ ಕಟ್ಟಿಕೊಳ್ಳುತ್ತದೆ. ಆಗ ಚುಕ್ಕೆಗಳು ಮಾಯವಾಗಿ ಮೀನು ಗುಣವಾದಂತೆ ತೋರುತ್ತದೆ. ಆದರೆ ತಳದಲ್ಲಿರುವ ಒಂದೊಂದು ಕೋಶದಿಂದಲೂ ಇನ್ನೂರರವರೆಗೆ ಮರಿಜೀವಿಗಳು ಹೊರಬಂದು ಮತ್ತೆ ಮೀನನ್ನು ಹುಡುಕುತ್ತವೆ. ಎರಡನೆಯ ಸುತ್ತಿನಲ್ಲಿ ಸಾವು ಹೆಚ್ಚುವುದು ಇದೇ ಕಾರಣಕ್ಕೆ. ಚುಕ್ಕೆ ಹೋಯಿತೆಂದು ಚಿಕಿತ್ಸೆ ನಿಲ್ಲಿಸುವುದು, ಚಿಕಿತ್ಸೆಯನ್ನೇ ಮಾಡದಿರುವುದಕ್ಕಿಂತ ಹೆಚ್ಚೇನೂ ಉತ್ತಮವಲ್ಲ.

ಅಕಶೇರುಕಗಳಿಲ್ಲದ ತೊಟ್ಟಿಯಲ್ಲಿ ಲವಣಾಂಶ ತಗ್ಗಿಸುವುದು ಸುಲಭ ಹಾಗೂ ಅಗ್ಗದ ವಿಧಾನ. ಲವಣಾಂಶವನ್ನು ಸಾವಿರಕ್ಕೆ 32 ಭಾಗದಿಂದ 15-16 ಭಾಗಕ್ಕೆ ಎರಡು ದಿನಗಳಲ್ಲಿ ಹಂತಹಂತವಾಗಿ ಇಳಿಸಿ, 3 ರಿಂದ 4 ವಾರ ಅದೇ ಮಟ್ಟದಲ್ಲಿಡಿ. ಸ್ಥೂಲವಾಗಿ ಹೇಳುವುದಾದರೆ ಅರ್ಧದಷ್ಟು ನೀರನ್ನು ಕ್ಲೋರಿನ್‌ರಹಿತ ಸಿಹಿನೀರಿನಿಂದ ಬದಲಿಸಬೇಕಾಗುತ್ತದೆ. ಅಳತೆಗೆ ರಿಫ್ರಾಕ್ಟೋಮೀಟರ್ ಬಳಸಿ. ನಾಲಿಗೆಯ ಅಂದಾಜು ಸಾಲದು. ರಸಸಾರ ಇಳಿಯದಂತೆ ನಿಗಾ ಇರಲಿ. ಬರಿದು ಮಾಡಿ ಒಣಗಿಸಬಹುದಾದ ಎರಡು ತೊಟ್ಟಿಗಳಿದ್ದರೆ ಔಷಧವೇ ಇಲ್ಲದೆ, 3 ದಿನಕ್ಕೊಮ್ಮೆಯಂತೆ ನಾಲ್ಕು ಬಾರಿ ಮೀನುಗಳನ್ನು ಶುಚಿಯಾದ ತೊಟ್ಟಿಗೆ ವರ್ಗಾಯಿಸಿಯೂ ಈ ಚಕ್ರವನ್ನು ಮುರಿಯಬಹುದು. ಖಾಲಿಯಾದ ತೊಟ್ಟಿಯನ್ನು ಪ್ರತಿಸಲ ತೊಳೆದು ಸಂಪೂರ್ಣ ಒಣಗಿಸಬೇಕು.

ವೆಲ್ವೆಟ್ ರೋಗ

ಅಮೈಲೂಡಿನಿಯಂ ಒಸೆಲೇಟಂ ಎಂಬ ಈ ಪರಾವಲಂಬಿ ಬಿಳಿಚುಕ್ಕೆಗಿಂತ ವೇಗವಾಗಿ ಕೊಲ್ಲುತ್ತದೆ. ಮುಖ್ಯವಾಗಿ ಕಿವಿರಿಗೆ ತಗುಲುವುದರಿಂದ ಮೈಮೇಲೆ ಗುರುತು ಮೂಡುವ ಮೊದಲೇ ಮೀನು ಸಾಯಬಹುದು. ಗುರುತು ಕಂಡರೂ ಅದು ಬಿಡಿ ಚುಕ್ಕೆಯಲ್ಲ. ಬೂದು ಅಥವಾ ಹೊಂಬಣ್ಣದ ನುಣ್ಣನೆಯ ಹಿಟ್ಟು ಬಳಿದಂತಿರುತ್ತದೆ. ಕತ್ತಲೆಯಲ್ಲಿ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಸ್ಪಷ್ಟವಾಗುತ್ತದೆ. ಈ ಜೀವಿಯು ಬಹು ವಿಶಾಲ ಲವಣಾಂಶವನ್ನು ತಾಳಬಲ್ಲದಾದ್ದರಿಂದ ಮೇಲೆ ಹೇಳಿದ ಲವಣಾಂಶ ತಗ್ಗಿಸುವ ವಿಧಾನ ಇಲ್ಲಿ ಫಲಿಸದು. ಎರಡು ರೋಗಗಳನ್ನು ಬೇರ್ಪಡಿಸಿ ಗುರುತಿಸಬೇಕೆನ್ನುವುದು ಇದಕ್ಕಾಗಿ. ವೆಲ್ವೆಟ್‌ಗೆ ತಾಮ್ರವೇ ಮುಖ್ಯ ಚಿಕಿತ್ಸೆ.

ತಾಮ್ರದ ಬಳಕೆ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದಲ್ಲಿ ಬಳಸುವ ಮೈಲುತುತ್ತವೇ ಇಲ್ಲಿಯೂ ಔಷಧ. ಆದರೆ ಅಲ್ಲಿ 100 ಲೀಟರಿಗೆ 1 ಕಿಲೋ. ಇಲ್ಲಿ 1000 ಲೀಟರಿಗೆ ಒಟ್ಟು 0.8 ಗ್ರಾಂ ಮಾತ್ರ. ತೋಟದ ಕೈಯಳತೆ ತೊಟ್ಟಿಗೆ ಬಂದರೆ ಒಂದು ಮೀನೂ ಉಳಿಯದು. ನೀರಿನಲ್ಲಿ ತಾಮ್ರದ ಪ್ರಮಾಣವು ಲೀಟರಿಗೆ 0.15 ರಿಂದ 0.20 ಮಿಲಿಗ್ರಾಂ ಇರಬೇಕು. ಶುದ್ಧ ಮೈಲುತುತ್ತವನ್ನು ತೂಗಿ, ನೀರಿನಲ್ಲಿ ಕರಗಿಸಿ, ಎರಡು-ಮೂರು ದಿನಗಳಲ್ಲಿ ಕಂತುಕಂತಾಗಿ ಸೇರಿಸಿ. ದಿನಕ್ಕೆ ಎರಡು ಸಲ ಟೆಸ್ಟ್ ಕಿಟ್‌ನಿಂದ ಅಳೆದು, 3 ವಾರ ಈ ಮಟ್ಟವನ್ನು ಕಾಯ್ದುಕೊಳ್ಳಿ. ಮಾರುಕಟ್ಟೆಯ ಕೀಲೇಟೆಡ್ ತಾಮ್ರದ ದ್ರಾವಣಗಳಿಗೆ ಪ್ರಮಾಣ ಬೇರೆ. ಲೇಬಲ್ ಓದಿ ಬಳಸಿ.

ಹವಳದ ಮರಳು, ಕಪ್ಪೆಚಿಪ್ಪು, ಸುಣ್ಣಕಲ್ಲು ಇರುವ ತೊಟ್ಟಿಯಲ್ಲಿ ತಾಮ್ರ ಹೀರಿಹೋಗುವುದರಿಂದ ಚಿಕಿತ್ಸೆಯನ್ನು ಬರಿಯ ತೊಟ್ಟಿಯಲ್ಲಿಯೇ ಮಾಡಬೇಕು. ಕಡಲ ಹೂ, ಸಿಗಡಿ, ಬಸವನಹುಳುಗಳಿಗೆ ತಾಮ್ರ ಮಾರಕ. ತಗ್ಗಿದ ಲವಣಾಂಶದಲ್ಲಿ ತಾಮ್ರದ ವಿಷತ್ವ ಏರುವುದರಿಂದ ಎರಡು ವಿಧಾನಗಳನ್ನು ಒಟ್ಟಿಗೆ ಅನುಸರಿಸಬೇಡಿ. ಮೀನುಗಳನ್ನು ಹೊರತೆಗೆದ ಮೂಲ ತೊಟ್ಟಿಯನ್ನು ಕನಿಷ್ಠ 6 ವಾರ, ಸಾಧ್ಯವಾದರೆ 10-11 ವಾರ ಮೀನಿಲ್ಲದೆ ಬಿಡಬೇಕು.

ತಾಮ್ರಕ್ಕೆ ಬಗ್ಗದ ರೋಗಗಳು

ಕ್ಲೌನ್ ಮೀನಿನ ಮೈಯಿಂದ ಬಿಳಿ ಲೋಳೆ ಪದರಪದರವಾಗಿ ಸುಲಿಯುತ್ತಿದ್ದರೆ ಅದು ಬ್ರೂಕ್ಲಿನೆಲ್ಲಾ ಸೋಂಕು. 100 ಲೀಟರ್ ನೀರಿಗೆ 15 ಮಿಲಿಲೀಟರ್ ಫಾರ್ಮಲಿನ್ ಬೆರೆಸಿ, ಗಾಳಿಯನ್ನು ಬಲವಾಗಿ ಹಾಯಿಸುತ್ತಾ 30 ರಿಂದ 60 ನಿಮಿಷ ಅದ್ದಿ. ಮೀನು ಒದ್ದಾಡಿದರೆ ತಕ್ಷಣ ಶುದ್ಧ ಕಡಲನೀರಿಗೆ ಬದಲಿಸಿ. ತಳದಲ್ಲಿ ಬಿಳಿ ಗಷ್ಟು ಕಟ್ಟಿದ ಫಾರ್ಮಲಿನ್ ಮೀನಿಗೆ ಅತಿ ವಿಷಕಾರಿ, ಬಳಸಬಾರದು. ಕೈಗವಸು ಧರಿಸಿ, ಗಾಳಿಯಾಡುವ ಸ್ಥಳದಲ್ಲಿಯೇ ಈ ಕೆಲಸ ಮಾಡಿ. ಚರ್ಮದ ಚಪ್ಪಟೆ ಹುಳುಗಳ ಶಂಕೆಯಿದ್ದರೆ, ಉಷ್ಣತೆ ಹಾಗೂ ರಸಸಾರ ಹೊಂದಿಸಿದ ಸಿಹಿನೀರಿನಲ್ಲಿ ಮೀನನ್ನು 3 ರಿಂದ 5 ನಿಮಿಷ ಇಡಿ. ಪಾರದರ್ಶಕವಾಗಿದ್ದ ಹುಳುಗಳು ಬೆಳ್ಳಗಾಗಿ ಉದುರುತ್ತವೆ. ಪರೀಕ್ಷೆಯೂ ಚಿಕಿತ್ಸೆಯೂ ಒಂದರಲ್ಲೇ ಆಗುತ್ತದೆ. ಕೆಂಪು ಹುಣ್ಣು, ಕೊಳೆತ ರೆಕ್ಕೆಗಳು ಬ್ಯಾಕ್ಟೀರಿಯಾ ಸೋಂಕಿನ ಲಕ್ಷಣ. ಪ್ರಯೋಗಾಲಯದ ವರದಿಯಿಲ್ಲದೆ ಪ್ರತಿಜೈವಿಕ ಹಾಕಬಾರದು. ಕ್ಲೋರಂಫೆನಿಕಾಲ್ ಹಾಗೂ ನೈಟ್ರೋಫ್ಯುರಾನ್‌ಗಳು ಜಲಕೃಷಿಯಲ್ಲಿ ನಿಷಿದ್ಧ.

ಹೊಸ ಮೀನು ಮತ್ತು ಮಾದರಿ ಕಳುಹಿಸುವಿಕೆ

ಹೊಸದಾಗಿ ತಂದ ಪ್ರತಿಯೊಂದು ಮೀನನ್ನೂ 30 ದಿನ ಪ್ರತ್ಯೇಕ ತೊಟ್ಟಿಯಲ್ಲಿಡಿ. ಆ ತೊಟ್ಟಿಗೆ ಬಲೆ, ಬಕೆಟ್, ಕೊಳವೆ ಎಲ್ಲವೂ ಬೇರೆಯಿರಲಿ. ಒದ್ದೆ ಕೈಯಿಂದಲೂ ಸೋಂಕು ದಾಟುತ್ತದೆ.

ರೋಗ ಖಚಿತವಾಗದಿದ್ದಲ್ಲಿ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ತಜ್ಞರನ್ನು ಸಂಪರ್ಕಿಸಬಹುದು. ಸತ್ತ ಮೀನನ್ನು ಒಯ್ಯುವುದರಿಂದ ಪ್ರಯೋಜನ ಅಲ್ಪ. ಮೀನು ಸತ್ತ ಸ್ವಲ್ಪ ಹೊತ್ತಿನಲ್ಲಿಯೇ ಪರಾವಲಂಬಿಗಳು ಅದನ್ನು ಬಿಟ್ಟುಹೋಗುತ್ತವೆ. ರೋಗಲಕ್ಷಣವಿರುವ ಎರಡು-ಮೂರು ಜೀವಂತ ಮೀನುಗಳನ್ನು ಆಮ್ಲಜನಕ ತುಂಬಿದ ಚೀಲದಲ್ಲಿ, ತೊಟ್ಟಿಯ ನೀರನ್ನು ಬೇರೊಂದು ಬಾಟಲಿಯಲ್ಲಿ ಕೊಂಡೊಯ್ಯಿರಿ. ಈವರೆಗೆ ಹಾಕಿದ ಔಷಧ, ಅದರ ಪ್ರಮಾಣ ಮತ್ತು ದಿನಾಂಕಗಳನ್ನು ಬರೆದ ಚೀಟಿಯೂ ಜೊತೆಗಿರಲಿ.